ಮುಧೋಳದಿಂದ ಮೈಸೂರಿಗೆ: ಅಜ್ಜ, ಆಯಿ ಬಂದ ದಸರಾ ರಜೆ

ತ್ರಯೋದಶಿ: ನಿಲ್ದಾಣದಿಂದ ಮನೆಗೆ

ಈ ದಸರೆಗೆ ಮುಧೋಳದಿಂದ ಅಜ್ಜ, ಆಯಿ (ಅಜ್ಜಿ) ಮೈಸೂರಿನ ನಮ್ಮ ಮನೆಗೆ ಬಂದರು. ಬಾಗಲಕೋಟೆಯಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ರಾತ್ರಿ ಕಳೆದು ಮರುದಿನ ಮೈಸೂರು. ನಡುವೆ ಗಾಡಿ ಬದಲಿಸುವ ಗೋಜಿಲ್ಲ. ಎಪ್ಪತ್ತು ದಾಟಿದವರಿಗೆ ಇದಕ್ಕಿಂತ ಒಳ್ಳೆಯ ದಾರಿ ಸಿಗದು. ಹಿರಿಯರ ಟಿಕೆಟ್ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತಿತು. ಕೆಳಗಿನ ಬರ್ತಿನ ಕೋಟಾ ಮಾತ್ರ ಉಳಿದಿದೆ: ಗಂಡಸರಿಗೆ 60, ಹೆಂಗಸರಿಗೆ 45 ತುಂಬಿರಬೇಕು, ಒಂದು ಟಿಕೆಟ್‌ನಲ್ಲಿ ಇಬ್ಬರಿಗಿಂತ ಹೆಚ್ಚು ಜನ ಇರಬಾರದು. ಕರೆತರಲು ಹೋದ ಮಗನ ಹೆಸರನ್ನೂ ಅದೇ ಟಿಕೆಟ್‌ಗೆ ಸೇರಿಸಿದರೆ ಕೋಟಾ ತಪ್ಪುತ್ತದೆ. ಅವನದು ಬೇರೆ ಟಿಕೆಟ್ ಇರಲಿ.

ಗಾಡಿ ತಡವಾಗಿಯೇ ಬಂತು. ಅಜ್ಜ ಇಳಿದವರೇ ಮೊದಲು ಹೇಳಿದ್ದು, "ನಿದ್ದಿ ಚಲೋ ಆತು, ಕಾಲ ಮಾತ್ರ ಬಾತಾವ ನೋಡು." ಅಷ್ಟು ಹೊತ್ತು ಕಾಲು ಇಳಿಬಿಟ್ಟು ಕೂತರೆ ಪಾದ ಊದುವುದು ಸಹಜ. ಮನೆಗೆ ಬಂದು ಎರಡು ದಿಂಬಿನ ಮೇಲೆ ಕಾಲಿಟ್ಟು ಮಲಗಿದರೆ ಸಂಜೆಯ ಹೊತ್ತಿಗೆ ಇಳಿಯುತ್ತದೆ. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ಮಾತ್ರ ಕಾಯಬಾರದು, ಅದೇ ದಿನ ವೈದ್ಯರಿಗೆ ತೋರಿಸಬೇಕು.

ಸಾಮಾನಿನಲ್ಲಿ ಬಟ್ಟೆಗಿಂತ ತಿನಿಸೇ ಹೆಚ್ಚು. ಹೊಸದಾಗಿ ಬೀಸಿದ ಜೋಳದ ಹಿಟ್ಟು, ಶೇಂಗಾ ಹಿಂಡಿ (ಹಿಂಡಿ ಅಂದರೆ ಚಟ್ನಿಪುಡಿ), ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಹಳೆಯ ಧೋತರದಲ್ಲಿ ಕಟ್ಟಿದ ಕಡಕ್ ಸಜ್ಜಿ ರೊಟ್ಟಿ. ಇವುಗಳ ಅಡಿಯಲ್ಲಿ ಒಂದು ಚೀಲ ಹೊಲದ ಎರೆಮಣ್ಣು. ಅದು ಘಟಕ್ಕೆ, ಅಂದರೆ ಮಣ್ಣಿನಲ್ಲಿ ಕಾಳು ಮೊಳೆಯಿಸಿ ನಡುವೆ ಕೊಡ ಇಟ್ಟು ಮಾಡುವ ಪೂಜೆಗೆ. ಆ ಕಡೆಯ ಮನೆಗಳಲ್ಲಿ ನವರಾತ್ರಿಯ ಪಾಡ್ಯದಂದು ಘಟ ಹಾಕಿದರೆ ದಶಮಿಯವರೆಗೆ ದೀಪ ಆರಬಾರದು, ಮನೆಗೆ ಬೀಗ ಬೀಳಬಾರದು. ಆಯಿ ದಸರೆಗೆ ಊರು ಬಿಡದಿದ್ದುದೇ ಇದಕ್ಕೆ. ಈ ಸಲ ಘಟವನ್ನೇ ಮೈಸೂರಿನಲ್ಲಿ ಹಾಕುವುದೆಂದು ಮಾತಾದ ಮೇಲೆ ಹೊರಟು ಬಂದರು. ದೂರದ ಹಿರಿಯರನ್ನು ಹಬ್ಬಕ್ಕೆ ಕರೆಯುವವರು ಟಿಕೆಟ್‌ಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು: ಊರಲ್ಲಿ ನಡೆಸುವ ಯಾವ ನೇಮ ಇಲ್ಲಿಯೂ ನಡೆಯಬೇಕು?

ಅಮಾವಾಸ್ಯೆಯವರೆಗೆ: ಮನೆಯೇ ಪ್ರವಾಸ

ಬಂದ ಮೊದಲ ದಿನಗಳಲ್ಲಿ ಎಲ್ಲಿಗೂ ಹೊರಡಬಾರದು. ಹೊಸ ಮನೆಯಲ್ಲಿ ಹಿರಿಯರು ಬೀಳುವುದು ಹೆಚ್ಚಾಗಿ ರಾತ್ರಿ, ಹಾಸಿಗೆಯಿಂದ ಬಚ್ಚಲಿಗೆ ಹೋಗುವ ಹತ್ತು ಹೆಜ್ಜೆಯಲ್ಲಿ. ಆ ದಾರಿಯಲ್ಲಿ ಕಾಲೊರಸು, ಚಾರ್ಜರ್ ವೈರು, ಮಕ್ಕಳ ಆಟಿಕೆ ಯಾವುದೂ ಇರಬಾರದು. ಸಣ್ಣ ದೀಪ ರಾತ್ರಿಯಿಡೀ ಉರಿಯಲಿ. ಕಮೋಡಿನ ಪಕ್ಕ ಗೋಡೆಗೆ ಸ್ಟೀಲಿನ ಹಿಡಿಕೆ ಹಾಕಿಸುವುದಿದ್ದರೆ ಟೈಲ್ಸ್ ದಾಟಿ ಒಳಗಿನ ಇಟ್ಟಿಗೆಗೆ ಇಳಿಯುವಷ್ಟು ಉದ್ದದ ಸ್ಕ್ರೂ ಬೇಕು. ಹೀರಿಕೊಂಡು ಅಂಟುವ ರಬ್ಬರ್ ಬಟ್ಟಲಿನ ಹಿಡಿಕೆ ಮೈಭಾರ ತಡೆಯದೆ ಕಿತ್ತು ಬರುತ್ತದೆ. ಸ್ನಾನಕ್ಕೆ ಬೆನ್ನಿರುವ ಪ್ಲಾಸ್ಟಿಕ್ ಕುರ್ಚಿ, ಕೆಳಗೆ ರಬ್ಬರ್ ಮ್ಯಾಟ್. ಮಂಚದ ಎತ್ತರ ಕೂತಾಗ ಎರಡೂ ಪಾದ ನೆಲಕ್ಕೆ ಊರುವಷ್ಟಿದ್ದರೆ ಸಾಕು.

ಮಾತ್ರೆಗಳನ್ನು ವಾರದ ಡಬ್ಬಿಗೆ ತುಂಬಿ, ಚೀಟಿಯ ಫೋಟೋ ತೆಗೆದಿಟ್ಟುಕೊಂಡೆವು. ಊರಿನ ಅಂಗಡಿಯ ಬ್ರಾಂಡು ಇಲ್ಲಿ ಸಿಗದಿದ್ದರೆ ಫಾರ್ಮಸಿಯವರು ನೋಡುವುದು ಒಳಗಿನ ಔಷಧದ ಹೆಸರನ್ನು, ಮಿಲಿಗ್ರಾಮನ್ನು. ಅವೆರಡೂ ಚೀಟಿಯಲ್ಲಿ ಸ್ಪಷ್ಟವಾಗಿರಬೇಕು. ಅಜ್ಜನ ಬಿಪಿ ಮಾತ್ರೆಗಳಲ್ಲಿ ಒಂದು ಮೂತ್ರ ಹೆಚ್ಚಿಸುವಂಥದ್ದು. ದಾರಿಯಲ್ಲಿ ತೊಂದರೆ ಎಂದು ಹಿರಿಯರು ಇದನ್ನು ಹೇಳದೆಯೇ ಬಿಟ್ಟುಬಿಡುತ್ತಾರೆ. ಹಾಗೆ ಬಿಡಿಸಬಾರದು. ಹೊರಡುವ ದಿನ ಎಷ್ಟು ಹೊತ್ತಿಗೆ ತೆಗೆದುಕೊಳ್ಳಬಹುದು ಎಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು.

ಇನ್ನು ರೊಟ್ಟಿ. ಮೈಸೂರಿನ ಅಡುಗೆಮನೆಯ ತೆಳು ನಾನ್‌ಸ್ಟಿಕ್ ಕಾವಲಿ ನೋಡಿ ಆಯಿ ತಲೆ ಅಲ್ಲಾಡಿಸಿದರು. ಅದರ ಮೇಲೆ ನೀರು ಸವರಿದ ರೊಟ್ಟಿ ಹಾಕಿದೊಡನೆ ಕಾವು ಇಳಿಯುತ್ತದೆ, ರೊಟ್ಟಿ ಬೇಯುವ ಬದಲು ಒಣಗುತ್ತದೆ. ದೇವರಾಜ ಮಾರುಕಟ್ಟೆಯ ಪಕ್ಕದ ಪಾತ್ರೆ ಅಂಗಡಿಯಿಂದ ದಪ್ಪ ಕಬ್ಬಿಣದ ಹಂಚು ಬಂತು. ಜೋಳದಲ್ಲಿ ಗೋಧಿಯ ಅಂಟಿಲ್ಲ. ಕುದಿವ ಎಸರಿನಲ್ಲಿ ಬೆಂದ ಹಿಟ್ಟೇ ಅಂಟು. ಎರಡು ಬಟ್ಟಲು ಹಿಟ್ಟಿಗೆ ಒಂದೂವರೆ ಬಟ್ಟಲಿನಷ್ಟು ಕುದಿವ ನೀರು ಹುಯ್ದು, ಕೈ ತಾಳುವಷ್ಟು ಬಿಸಿ ಇರುವಾಗಲೇ ನಾದಬೇಕು. ಒಂದೊಂದು ಉಂಡೆಯನ್ನು ಬಡಿಯುವ ಮುಂಚೆ ಮತ್ತೊಮ್ಮೆ ತಿಕ್ಕಬೇಕು. ಅಂಚು ಸೀಳಿದರೆ ನೀರು ಕುದಿದಿರಲಿಲ್ಲ, ಇಲ್ಲವೇ ಹಿಟ್ಟು ಹಳತು. ಬೀಸಿ ತಿಂಗಳಾದ ಹಿಟ್ಟಿಗೆ ಜಿಗಿ ಇರದು. ಅದಕ್ಕೇ ಊರಿಂದ ತಂದ ಹಿಟ್ಟು ಮೊದಲು ಮುಗಿಸಿ, ಆಮೇಲೆ ಜೋಳ ಕೊಂಡು ಎಂಟು ದಿನಕ್ಕಾಗುವಷ್ಟೇ ಬೀಸಿಸಿದ್ದು. ಗಿರಣಿಯವರು ಗೋಧಿ ಬೀಸಿದ ಕಲ್ಲಿಗೇ ಜೋಳ ಹಾಕುವುದರಿಂದ ಮೊದಲ ಅರ್ಧ ಕೆಜಿ ಬೇರೆ ತೆಗೆದಿಡಿ ಎಂದು ಹೇಳಿದರೆ ಒಳ್ಳೆಯದು. ಮಧ್ಯಾಹ್ನ ರೊಟ್ಟಿ, ಎಣಗಾಯಿ, ಹಿಂಡಿ, ಮೊಸರು. ರಾತ್ರಿ ಅನ್ನ ಸಾರು. ಈ ಕಡೆಯ ಸಾರಿನಲ್ಲಿ ಬೆಲ್ಲ ಹೆಚ್ಚಾಯಿತೆಂದು ಅಜ್ಜ ಮೊದಲ ದಿನವೇ ಹೇಳಿದರು. ಮರುದಿನದಿಂದ ಅದೂ ಸರಿಹೋಯಿತು.

ಪಾಡ್ಯ: ಘಟ

ಪತ್ರಾವಳಿಯ ಮೇಲೆ ಎರಡು ಬೆರಳು ದಪ್ಪ ಎರೆಮಣ್ಣು ಹರಡಿ, ರಾತ್ರಿ ನೆನೆದ ಐದು ಬಗೆಯ ಕಾಳು ಚೆಲ್ಲಿ, ಮೇಲೆ ತೆಳುವಾಗಿ ಮಣ್ಣು ಮುಚ್ಚಿ, ನಡುವೆ ನೀರು ತುಂಬಿದ ಮಣ್ಣಿನ ಕೊಡ. ದಿನಕ್ಕೆರಡು ಸಲ ಕೈಯಿಂದ ನೀರು ಚಿಮುಕಿಸಿದರೆ ಸಾಕು. ಎರೆಮಣ್ಣು ನೀರು ಹಿಡಿದಿಡುತ್ತದೆ, ಹುಯ್ದರೆ ಕಾಳು ಕೊಳೆಯುತ್ತದೆ. ಮೈಸೂರಿನ ತಂಪಿಗೆ ಮೊಳಕೆ ಊರಿಗಿಂತ ತಡವಾಗಿ ಎದ್ದಿತು. ಆಯಿ ಎರಡು ದಿನ ಕಳವಳಪಟ್ಟು, ರಾತ್ರಿ ಮೇಲೊಂದು ಒದ್ದೆ ಬಟ್ಟೆ ಹೊದಿಸಿದ ಮೇಲೆ ಬಿಳಿ ತುದಿ ಕಂಡಿತು.

ಬಾಡಿಗೆ ಫ್ಲಾಟಿನಲ್ಲಿ ಹಗಲಿರುಳು ದೀಪ ಉರಿಸುವುದಾದರೆ ಕರ್ಟನ್ನಿನಿಂದ ಮೂರಡಿ ದೂರ, ಅಗಲ ಹಿತ್ತಾಳೆ ತಟ್ಟೆಯ ನಡುವೆ, ಫ್ಯಾನು ಬೀಸದ ಮೂಲೆ. ಎಳೆ ಸಣ್ಣದಾದಷ್ಟೂ ಎಣ್ಣೆ ತಾಳುತ್ತದೆ. ಬತ್ತಿಯ ತುದಿಗೆ ಕಪ್ಪು ಗಡ್ಡೆ ಕಟ್ಟಿದಾಗ ಚಿಮುಟದಿಂದ ಉದುರಿಸದಿದ್ದರೆ ಎಣ್ಣೆ ಇದ್ದೂ ದೀಪ ಮಂಕಾಗುತ್ತದೆ. ಮನೆಯಲ್ಲಿ ಯಾರಾದರೊಬ್ಬರು ಇರಲೇಬೇಕು. ಹೀಗಾಗಿ ಅರಮನೆಯ ದೀಪ ನೋಡಿದ ಒಂದು ಸಂಜೆ ಬಿಟ್ಟರೆ, ಒಂಬತ್ತು ದಿನವೂ ಬೆಳಿಗ್ಗೆ ಹೊರಟು ಊಟದ ಹೊತ್ತಿಗೆ ಮರಳುವ ತಿರುಗಾಟವಷ್ಟೇ ಸಾಧ್ಯವಾಯಿತು, ಮನೆಯವರು ಸರದಿಯ ಮೇಲೆ ಉಳಿದರು. ಹಿರಿಯರಿಗೆ ಇದಕ್ಕಿಂತ ಒಳ್ಳೆಯ ವೇಳಾಪಟ್ಟಿ ಇನ್ನೊಂದಿಲ್ಲ. ನೇಮ ಇಲ್ಲದ ಮನೆಯವರೂ ಇದನ್ನೇ ಇಟ್ಟುಕೊಳ್ಳಲಿ.

ಬಿದಿಗೆ, ತದಿಗೆ: ಅರಮನೆ, ಆನೆ

ದಸರೆಯ ದಿನಗಳಲ್ಲಿ ಅರಮನೆಯ ದೀಪ ಪ್ರತಿ ಸಂಜೆ ಹೊತ್ತುತ್ತದೆ. ಉಳಿದ ಕಾಲದಲ್ಲಿ ಮುಖ್ಯವಾಗಿ ಭಾನುವಾರ, ಸರ್ಕಾರಿ ರಜೆಗಳಲ್ಲಿ. ಷಷ್ಠಿ ಕಳೆದರೆ ಸುತ್ತಲ ರಸ್ತೆಗಳಲ್ಲಿ ಏಕಮುಖ ಸಂಚಾರ, ಆಟೋ ದೂರದಲ್ಲೇ ಇಳಿಸುತ್ತದೆ, ಜನದ ನೂಕಿನಲ್ಲಿ ಕೋಲು ಹಿಡಿದವರು ನಿಲ್ಲಲಾರರು. ಬಿದಿಗೆಯ ದಿನ ಕತ್ತಲಾಗುವ ಮುಂಚೆಯೇ ಒಳಗೆ ಹೋಗಿ ಕೂತದ್ದರಿಂದ ತೊಂದರೆಯಾಗಲಿಲ್ಲ. ಸುಮಾರು 97,000 ಬಲ್ಬುಗಳು ಒಮ್ಮೆಲೇ ಹೊತ್ತಿಕೊಂಡಾಗ ಮಕ್ಕಳಿಗಿಂತ ಮೊದಲು ಕೂಗಿದ್ದು ಆಯಿ.

ಅರಮನೆಯ ಒಳಗನ್ನು ನೋಡಲು ಮರುದಿನ ಬೆಳಿಗ್ಗೆ ಹೋದದ್ದು. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟ ಮೇಲೆ ಹೆನ್ರಿ ಇರ್ವಿನ್ ರೂಪಿಸಿದ ಕಟ್ಟಡ ಇದು, 1912ಕ್ಕೆ ಮುಗಿಯಿತು. ಚಪ್ಪಲಿ ಹೊರಗೆ, ದಾರಿ ಒಮ್ಮುಖ, ನಡುವೆ ಮೆಟ್ಟಿಲು. ಹಿಂದಿನವರು ತಳ್ಳುತ್ತಿದ್ದರೆ ನಿಂತು ನೋಡುವುದಕ್ಕೂ ಆಗದು, ಕೂರುವುದಕ್ಕೂ ಆಗದು. ಕಲ್ಯಾಣ ಮಂಟಪದ ಗೋಡೆಗಳಲ್ಲಿ ದಸರಾ ಮೆರವಣಿಗೆಯ ಚಿತ್ರಗಳನ್ನು ಅಜ್ಜ ಒಂದೊಂದಾಗಿ ನೋಡುತ್ತ ಹೋಗಿ, ಹೊರಗೆ ಬಂದು ಕಟ್ಟೆಯ ಮೇಲೆ ಕೂತಾಗ ಹೇಳಿದ ಮಾತು ಮುಂದಿನ ಎಲ್ಲ ದಿನಕ್ಕೂ ದಾರಿಯಾಯಿತು: "ತಮ್ಮಾ, ನಮಗ ಏನ್ ತೋರ್ಸೂದಿದ್ರೂ ಕುಂದ್ರಿಸಿ ತೋರ್ಸು, ನಿಂದ್ರಿಸಿ ತೋರಸಬ್ಯಾಡ." ನಿಜವೇ. ಮೆಲ್ಲಗೆ ಒಂದು ಕಿಲೋಮೀಟರ್ ನಡೆಯಬಲ್ಲವರು ಇಪ್ಪತ್ತು ನಿಮಿಷ ಸಾಲಿನಲ್ಲಿ ನಿಲ್ಲಲಾರರು. ಆ ಸಂಜೆಯೇ ಎರಡು ಮಡಿಚುವ ಸ್ಟೂಲು ಕೊಂಡದ್ದು. ಕೂರುವ ಎತ್ತರ ಹದಿನೇಳು ಹದಿನೆಂಟು ಇಂಚು ಇರಬೇಕು. ಅದಕ್ಕಿಂತ ಕುಳ್ಳಾದರೆ ಮಂಡಿನೋವಿನವರು ಕೂತ ಮೇಲೆ ಏಳಲಾರರು.

ಜಂಬೂಸವಾರಿಯ ದಿನ ಹಿರಿಯರನ್ನು ರಸ್ತೆಗೆ ಕರೆದೊಯ್ಯುವುದು ಬೇಡ, ತಾಲೀಮನ್ನು ತೋರಿಸಿ. ಕಾಡಿನ ಶಿಬಿರಗಳಿಂದ ಬಂದ ಆನೆಗಳು ಅರಮನೆಯಿಂದ ಬನ್ನಿಮಂಟಪಕ್ಕೆ, ಸುಮಾರು ಐದು ಕಿಲೋಮೀಟರ್, ಅಭ್ಯಾಸಕ್ಕೆ ನಡೆಯುತ್ತವೆ. ಅಂಬಾರಿಯ ತೂಕ 750 ಕೆಜಿ. ಅದನ್ನು ಹೊರುವ ಆನೆಗೆ ಮೊದಲು ಮರಳು ಮೂಟೆ, ಆಮೇಲೆ ಮರದ ಅಂಬಾರಿ. ಬೆಳಿಗ್ಗೆ ಸಯ್ಯಾಜಿರಾವ್ ರಸ್ತೆಯ ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತು, ಪಕ್ಕದ ಕ್ಯಾಂಟೀನಿನ ಚಹಾ ಹಿಡಿದು ನೋಡಿದೆವು. ಹೂವಿನ ಬುಟ್ಟಿ ಇಳಿಸಿ ಪಕ್ಕದಲ್ಲಿ ಕೂತ ಹೆಂಗಸು ಆಯಿಯ ಇಳಕಲ್ ಸೀರೆಯ ಸೆರಗು ಹಿಡಿದು, "ಎಷ್ಟು ಚೆನ್ನಾಗದೆ, ಎಲ್ ತಗೊಂಡ್ರಿ ಅಜ್ಜಿ?" ಎಂದು ಕೇಳಿದರು. ಆನೆ ಹೋಗಿ ಬಹಳ ಹೊತ್ತಾದರೂ ಸೆರಗಿನ ಕೆಂಪು ರೇಷ್ಮೆ, ಒಡಲಿನ ಹತ್ತಿ ನೂಲು ಎರಡನ್ನೂ ಹೇಗೆ ಕೊಂಡಿ ಹಾಕಿ ಜೋಡಿಸುತ್ತಾರೆ ಎಂಬ ಮಾತು ನಡೆದೇ ಇತ್ತು.

ಚೌತಿ: ಬೆಟ್ಟ

ಚಾಮುಂಡಿ ಬೆಟ್ಟಕ್ಕೆ ಸಿಟಿ ಬಸ್ಸು. ಶಕ್ತಿ ಯೋಜನೆಯಿಂದ, ಅಂದರೆ 2023ರ ಜೂನ್ 11ರಿಂದ, ಆಯಿಗೆ ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್. ಎಸಿ ಬಸ್ಸಿಗೆ ಇದಿಲ್ಲ. ದೂರದ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಅಜ್ಜನಿಗೆ 60 ದಾಟಿದವರ 25 ಶೇಕಡಾ ರಿಯಾಯಿತಿ. ಮೇಲೆ ಮಂಜು, ಕೆಳಗೆ ಊರೇ ಕಾಣದು. ಸಾಲು ಬೆಳೆಯುವ ಮುಂಚೆ ದರ್ಶನ ಮುಗಿಯಿತು. ನಂದಿಯನ್ನು ನೋಡಲು 1008 ಮೆಟ್ಟಿಲ ದಾರಿ ಹಿಡಿಯಬೇಕಿಲ್ಲ, ರಸ್ತೆಯೇ ಅದರ ಹತ್ತಿರದವರೆಗೆ ಹೋಗುತ್ತದೆ.

ಪಂಚಮಿ: ಸೋಮನಾಥಪುರ

ಮಕ್ಕಳಿಗಿಂತ ಹಿರಿಯರಿಗೇ ಹೆಚ್ಚು ದಕ್ಕಿದ ದಿನ ಇದು. ಬನ್ನೂರಿನ ಮೇಲೆ ಹೋಗುವ ದಾರಿ ಇಡೀ ನಾಲೆ, ಭತ್ತ, ಕಬ್ಬು. ಅಜ್ಜ ಮುಂದಿನ ಸೀಟಿನಲ್ಲಿ. ಎತ್ತರದ ಕಾರಿಗೆ ಒಂದು ಕಾಲಿಟ್ಟು ಹತ್ತುವುದು ಮಂಡಿಗೆ ಕಷ್ಟ. ಎಂಟು ಇಂಚಿನ ಗಟ್ಟಿ ಮಣೆ ಇಟ್ಟು, ಬೆನ್ನು ತಿರುಗಿಸಿ ಮೊದಲು ಸೀಟಿನಲ್ಲಿ ಕೂತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಿದರೆ ಸಲೀಸು. ತೆರೆದ ಬಾಗಿಲು ಅಲ್ಲಾಡುತ್ತದೆ, ಅದನ್ನು ಹಿಡಿದು ಇಳಿಯಲು ಬಿಡಬೇಡಿ.

ಕೇಶವ ದೇವಾಲಯ 13ನೇ ಶತಮಾನದ್ದು, ಹೊಯ್ಸಳ ಮೂರನೇ ನರಸಿಂಹನ ಕಾಲದಲ್ಲಿ ಸೋಮನಾಥ ದಂಡನಾಯಕ ಕಟ್ಟಿಸಿದ್ದು. 2023ರಲ್ಲಿ ಬೇಲೂರು, ಹಳೇಬೀಡಿನೊಂದಿಗೆ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಜ್ಜನ ಜಿಲ್ಲೆಯ ಪಟ್ಟದಕಲ್ಲು 1987ರಲ್ಲೇ ಆ ಪಟ್ಟಿಯಲ್ಲಿತ್ತು. ಇಲ್ಲಿ ಪೂಜೆ ನಡೆಯುವುದಿಲ್ಲ, ಹಾಗಾಗಿ ಸಾಲಿಲ್ಲ, ಗಂಟೆಯ ಅವಸರವಿಲ್ಲ. ಬಾಗಿಲು ತೆರೆದ ಹೊತ್ತಿಗೇ ಹೋದರೆ ಜಗತಿಯ, ಅಂದರೆ ಗುಡಿಯ ಸುತ್ತಲ ಎತ್ತರದ ಕಟ್ಟೆಯ, ಕಲ್ಲು ತಣ್ಣಗಿರುತ್ತದೆ. ಬಿಸಿಲೇರಿದರೆ ಬರಿಗಾಲು ಸುಡುತ್ತದೆ, ಹತ್ತಿಯ ಸಾಕ್ಸ್ ಬೇಕು. ಸಕ್ಕರೆ ಕಾಯಿಲೆಯವರಿಗಂತೂ ಬೇಕೇ ಬೇಕು, ಪಾದ ಮರಗಟ್ಟಿದ್ದರೆ ಸುಟ್ಟದ್ದೇ ತಿಳಿಯದು.

ಮಡಿಚುವ ಸ್ಟೂಲು ಇಲ್ಲಿ ಸಾರ್ಥಕವಾಯಿತು. ಪ್ರದಕ್ಷಿಣೆಯ ಜಗತಿಯ ಮೇಲೆ ಕೂತರೆ ಕೆತ್ತನೆಯ ಪಟ್ಟಿಕೆಗಳು ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುತ್ತವೆ: ಕೆಳಗೆ ಆನೆ, ಮೇಲೆ ಕುದುರೆ, ಬಳ್ಳಿ, ಅದರ ಮೇಲೆ ಪುರಾಣದ ಕಥೆ, ಮಕರ, ಹಂಸ. ನಿಂತವರು ಬಗ್ಗಿ ನೋಡಬೇಕು, ಕೂತವರು ಓದಬಹುದು. ಸ್ಟೂಲಿನ ಕಾಲಿಗೆ ರಬ್ಬರ್ ಟೋಪಿ ಇರಲೇಬೇಕು, ಬಳಪದ ಕಲ್ಲಿಗೆ ಗೀರು ಬೀಳಬಾರದು. ಅಜ್ಜ ಕೂತು, ಹತ್ತು ಹೆಜ್ಜೆಗೊಮ್ಮೆ ಸ್ಟೂಲು ಸರಿಸಿಕೊಂಡು, ಮೊಮ್ಮಕ್ಕಳಿಗೆ ಕಥೆ ಬಿಡಿಸುತ್ತ ಇಡೀ ಗುಡಿ ಸುತ್ತಿದರು. "ನಮ್ಮ ಐಹೊಳಿ ಕಲ್ಲ ಕೆಂಪ, ಉಸುಕಿನ್ದು. ಇಷ್ಟ್ ಸಣ್ಣ ಕೆತ್ತಿದ್ರ ಉದುರತೈತಿ" ಎಂದು ಅವರೇ ಹೇಳಿದರು. ಬಳಪದ ಕಲ್ಲು ಹಾಗಲ್ಲ, ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಮೂರ್ತಿಗಳ ಪೀಠದಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರನ್ನು ಕಾವಲುಗಾರರು ತೋರಿಸಿದರು. ಒಳಗೆ ಕತ್ತಲು, ಹೊಸ್ತಿಲು ಎತ್ತರ. ಹೊರಬಿಸಿಲಿನಿಂದ ಬಂದವರು ಒಂದು ನಿಮಿಷ ಕಣ್ಣು ಹೊಂದಿದ ಮೇಲೆಯೇ ಹೆಜ್ಜೆ ಇಡಬೇಕು. ಪ್ರತಿ ಅಂಕಣದ ಭುವನೇಶ್ವರಿ, ಅಂದರೆ ಕೆತ್ತಿದ ಒಳಛಾವಣಿ, ಬೇರೆ ಬೇರೆ. ಕತ್ತೆತ್ತಿ ನೋಡುವಾಗ ಹಿರಿಯರಿಗೆ ತಲೆ ತಿರುಗುತ್ತದೆ, ಗೋಡೆಗೆ ಒರಗಿ ಕೂತು ನೋಡಲಿ.

ವಾಪಸಾಗುವಾಗ ಬನ್ನೂರು ದಾಟುತ್ತಲೇ ಟೈರ್ ಪಂಕ್ಚರ್, ಮೇಲಿಂದ ಮಳೆ. ಅಜ್ಜನಿಗೆ ಊಟ ತಡವಾಗುವಂತಿರಲಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ತಡವಾದರೆ ರಕ್ತದ ಸಕ್ಕರೆ ಇಳಿದು ಬೆವರು, ನಡುಕ, ಮಾತು ತಡವರಿಸುವುದು ಶುರುವಾಗಬಹುದು. ಅದಕ್ಕೇ ಡಬ್ಬಿಯಲ್ಲಿ ಯಾವಾಗಲೂ ಎರಡು ರೊಟ್ಟಿ, ಹಿಂಡಿ, ಬಾಳೆಹಣ್ಣು, ಜೇಬಿನಲ್ಲಿ ಗ್ಲೂಕೋಸ್ ಪುಡಿ. ಟೈರಿನ ಅಂಗಡಿಯವರು ಬೆಂಚು ಒರೆಸಿಕೊಟ್ಟರು, ಅಜ್ಜ ಅಲ್ಲೇ ಉಂಡರು. ಅಂಗಡಿಯವರಿಗೂ ಸಜ್ಜಿ ರೊಟ್ಟಿ ಸಂದಿತು. "ಇದ್ಯಾಕ್ ಯಜಮಾನ್ರೆ ಹಪ್ಪಳ್ದಂಗೆ ಮುರೀತದೆ?" ಎಂದು ಕೇಳಿ ಮತ್ತೊಂದು ತೆಗೆದುಕೊಂಡರು.

ದಶಮಿ: ಬನ್ನಿ

ಷಷ್ಠಿಯಿಂದ ನವಮಿಯವರೆಗೆ ದೂರ ಹೋಗಲಿಲ್ಲ. ರಂಗನತಿಟ್ಟಿಗೆ ಹೋದ ದಿನ ಹೊಳೆ ತುಂಬಿ ದೋಣಿ ನಿಂತಿತ್ತು. ಮಳೆಗಾಲದ ಕೊನೆಯಲ್ಲಿ ಹೀಗಾಗುವುದುಂಟು, ಫೋನು ಮಾಡಿ ಹೋಗುವುದು ಲೇಸು. ಉಳಿದಂತೆ ಅಕ್ಕಪಕ್ಕದ ಮನೆಗಳ ಗೊಂಬೆ. ಪಟ್ಟದ ಗೊಂಬೆಗಳ ಮುಂದೆ ಕೂತು ಆಯಿ ತವರಿನ ಹಾಡು ಹೇಳಿದರು, ಆ ಮನೆಯವರು ತಾವೇ ಬಂದು ನಮ್ಮಲ್ಲಿಯ ಘಟ ನೋಡಿ ಹೋದರು.

ದಶಮಿಯ ಮಧ್ಯಾಹ್ನ ಜಂಬೂಸವಾರಿ ಟಿವಿಯಲ್ಲಿ. ಸಂಜೆ ಗೇಣುದ್ದ ಬೆಳೆದ ಸಸಿಗಳನ್ನು ಆಯಿ ಎಲ್ಲರ ಮುಡಿಗೆ, ಕಿವಿಗೆ ಸಿಕ್ಕಿಸಿದರು. ಬನ್ನಿ ಎಲೆ ಹಿಡಿದು ಮೊಮ್ಮಕ್ಕಳು ಒಂದೊಂದೇ ಫ್ಲಾಟಿನ ಬಾಗಿಲು ತಟ್ಟಿದರು: "ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು." ಕೊಡುವವರು ಕಿರಿಯರಾದರೆ ಕೊಟ್ಟು ಕಾಲಿಗೆ ನಮಸ್ಕರಿಸಬೇಕು. ಮೂರನೇ ಮಹಡಿಯ ಹಿರಿಯರೊಬ್ಬರು ಧಾರವಾಡದವರೆಂದು ಗೊತ್ತಾದದ್ದು ಆವಾಗಲೇ. ಅವರು ಕೆಳಗಿಳಿದು ಬಂದು ಅಜ್ಜನೊಂದಿಗೆ ರಾತ್ರಿ ಊಟದವರೆಗೂ ಕೂತರು.

ದ್ವಾದಶಿ: ಆಲೆಮನೆ, ಶ್ರವಣಬೆಳಗೊಳ

ದೀಪದ ನೇಮ ಮುಗಿದ ಮೇಲೆ ಇಡೀ ದಿನದ ಪಯಣ. ಬೆಳಿಗ್ಗೆ ಆರಕ್ಕೆ ಹೊರಟು ಪಾಂಡವಪುರ, ಕೆ.ಆರ್. ಪೇಟೆ, ಕಿಕ್ಕೇರಿ ದಾರಿ. ತಿಂಡಿಗೆ ನಿಲ್ಲುವ ಹೋಟೆಲನ್ನು ಇಡ್ಲಿ ನೋಡಿ ಅಲ್ಲ, ಕಮೋಡ್ ಇದೆಯೇ ಎಂದು ಕೇಳಿ ಆರಿಸಿ. ಗುಡಿಗಳ ಬಳಿ ಇರುವುದು ಹೆಚ್ಚಾಗಿ ಕುಕ್ಕರುಗಾಲಿನವು.

ಬೆಳಗೊಳದ ವಿಂಧ್ಯಗಿರಿಗೆ 650ರ ಆಸುಪಾಸು ಮೆಟ್ಟಿಲು, ಎಲ್ಲ ಬಂಡೆಯಲ್ಲೇ ಕಡಿದವು, ನೆರಳಿಲ್ಲ. ಚಾವುಂಡರಾಯ 981ರಲ್ಲಿ ನಿಲ್ಲಿಸಿದ 57 ಅಡಿಯ ಗೊಮ್ಮಟನನ್ನು ನೋಡಬೇಕೆಂಬುದು ಆಯಿಯ ಬಹಳ ದಿನದ ಆಸೆ. ಡೋಲಿ ಮಾಡಿದೆವು. ದರ ಹೋಗಿಬರುವುದಕ್ಕೋ, ಮೇಲೆ ಎಷ್ಟು ಹೊತ್ತು ಕಾಯುತ್ತಾರೆ, ಎಲ್ಲಿಯವರೆಗೆ ಹೊರುತ್ತಾರೆ ಎಂಬುದನ್ನು ಹತ್ತುವ ಮುಂಚೆಯೇ ಮಾತಾಡಿಕೊಳ್ಳಬೇಕು. ಅಜ್ಜ ಡೋಲಿ ಒಲ್ಲೆ ಎಂದರು: "ನಾಲ್ಕ ಮಂದಿ ಹೆಗಲ ಮ್ಯಾಲ ಈಗ ಯಾಕ, ಅದಕ್ಕಿನ್ನೂ ಟೈಮ್ ಐತಿ." ಹೊರುವವರಲ್ಲೊಬ್ಬರು, "ಅಜ್ಜ, ನಿಮ್ಮನ್ನ ನಡೆಸ್ಕೊಂಡ್ ಹೋಗಕ್ಕೆ ಚಿಕ್ಕಬೆಟ್ಟ ಇದೆ, ಹೋಗ್ಬನ್ನಿ" ಎಂದು ಎದುರಿನ ಚಂದ್ರಗಿರಿ ತೋರಿಸಿದರು. ಅದರ ಮೆಟ್ಟಿಲು ಇದರ ಅರ್ಧಕ್ಕಿಂತ ಕಡಿಮೆ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಕೋಲು ನೋಯುವ ಮಂಡಿಯ ಎದುರಿನ ಕೈಯಲ್ಲಿ. ಮಂಡಿಗೆ ಹೆಚ್ಚು ಪೆಟ್ಟು ಇಳಿಯುವಾಗಲೇ, ಇಳಿಯುವುದಕ್ಕೆ ಹತ್ತಿದಷ್ಟೇ ಹೊತ್ತು ಇಟ್ಟುಕೊಳ್ಳಬೇಕು. ಮೇಲೆ ಚಂದ್ರಗುಪ್ತ ಬಸದಿಯ ಜಾಲಂಧ್ರದಲ್ಲಿ, ಅಂದರೆ ಕಲ್ಲಿನ ಜಾಲರಿಯಲ್ಲಿ, ಜೈನಮುನಿ ಭದ್ರಬಾಹು, ಮೌರ್ಯ ಚಂದ್ರಗುಪ್ತರ ಕಥೆಯ ಸಣ್ಣ ಸಣ್ಣ ಚಿತ್ರಗಳು. ಅದರ ಮುಂದೆಯೂ ಅಜ್ಜನ ಸ್ಟೂಲು ಬಿಚ್ಚಿತು. ಹತ್ತೂವರೆಗೆ ಬಂಡೆ ಕಾಯತೊಡಗಿತು, ಅಷ್ಟರಲ್ಲಿ ಎಲ್ಲರೂ ಕೆಳಗಿದ್ದೆವು.

ಮರಳುವಾಗ ಪಾಂಡವಪುರದ ಹತ್ತಿರ ಆಲೆಮನೆಯ ಹೊಗೆ ಕಂಡು ಅಜ್ಜನೇ ಗಾಡಿ ನಿಲ್ಲಿಸಿದರು. "ಯಾವೂರ್ ಕಡೆಯೋರು ಯಜಮಾನ್ರೆ?" "ಮುಧೋಳ ರೀ. ನಮ್ದೂ ಕಬ್ಬ, ಆದ್ರ ಎಲ್ಲಾ ಫ್ಯಾಕ್ಟರಿಗೆ ಹೊಕ್ಕತಿ." ಮುಂದೆ ಒಂದು ಗಂಟೆ ಇಬ್ಬರೂ ಕೊಪ್ಪರಿಗೆಯ ಪಕ್ಕ. ಕುದಿವ ಕಬ್ಬಿನ ಹಾಲಿಗೆ ಸುಣ್ಣದ ತಿಳಿ, ಕೊಳೆ ಎತ್ತಲು ಬೆಂಡೆಗಿಡದ ಲೋಳೆ. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪು. ಪಾಕವನ್ನು ತಣ್ಣೀರಿಗೆ ಬಿಟ್ಟಾಗ ಉಂಡೆ ಕಟ್ಟಿದರೆ ಇಳಿಸುವ ಹದ. ಕಡಿದ ಕಬ್ಬು ಎರಡು ದಿನ ಬಿದ್ದಿದ್ದರೆ ಎಷ್ಟು ಕಾಯಿಸಿದರೂ ಗಟ್ಟಿ ಕಟ್ಟುವುದಿಲ್ಲ ಎಂಬುದರಲ್ಲಿ ಇಬ್ಬರಿಗೂ ಒಂದೇ ಮಾತು. ಹಿಂದಿನ ದಿನದ ಮಳೆಗೆ ಉರುವಲ ಸಿಪ್ಪೆ ನೆನೆದು ಒಲೆ ಎರಡು ಸಲ ಆರಿತ್ತಂತೆ. ಇವರದು ಅಚ್ಚು, ಮಹಾಲಿಂಗಪುರದ ಕಡೆ ಪೆಂಟೆ, ಅಂದರೆ ಬೆಲ್ಲದ ದೊಡ್ಡ ಮುದ್ದೆ. ಆ ದೊಡ್ಡ ಗಾತ್ರಕ್ಕೆ ಇನ್ನೂ ಎಷ್ಟು ಹೊತ್ತು ಆರಬೇಕು ಎಂದು ಆಲೆಮನೆಯವರು ಕೇಳಿ ತಿಳಿದುಕೊಂಡರು. ಅಜ್ಜ ಬೆರಳ ತುದಿಯಷ್ಟು ಬಿಸಿಬೆಲ್ಲ ನೆಕ್ಕಿದರು. ಕಬ್ಬಿನ ಹಾಲು ಬೇಡವೆಂದರು.

ಹೊರಡುವ ದಿನ

ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲಷ್ಟೇ ತೆರೆಯುತ್ತದೆ. ಬರುವ ಟಿಕೆಟ್ ಮಾಡಿದ ವಾರದಲ್ಲೇ ಹೋಗುವುದರ ದಿನವನ್ನೂ ನೋಡಿಕೊಂಡಿದ್ದರಿಂದ ಎರಡೂ ಕೆಳಗಿನ ಬರ್ತು ಸಿಕ್ಕವು. ಮೈಸೂರು ವೀಳ್ಯದೆಲೆಯನ್ನು ಒದ್ದೆ ಬಟ್ಟೆಯಲ್ಲಿ, ಅದರ ಮೇಲೆ ಬಾಳೆಎಲೆಯಲ್ಲಿ ಸುತ್ತಿ ಕೊಟ್ಟೆವು. ಮಾತ್ರೆಯ ಡಬ್ಬಿ ಕೈಚೀಲಕ್ಕೆ. ಅದು ಎಂದೂ ಬರ್ತಿನ ಕೆಳಗಿನ ಪೆಟ್ಟಿಗೆಗೆ ಹೋಗಬಾರದು. ಕಬ್ಬಿಣದ ಹಂಚು ಇಲ್ಲೇ ಇರಲಿ ಎಂದರು ಆಯಿ.

ಅಜ್ಜನಿಗೆ ಇನ್ನು ನಿಲ್ಲುವ ಮನಸ್ಸಿರಲಿಲ್ಲ. ಹಸ್ತ ಮಳಿಗೆ ಬಿತ್ತಿದ ಹಿಂಗಾರಿ ಜೋಳ ಮೊಳೆತು ಎದ್ದಿದೆ ಎಂದು ಊರಿಂದ ದಿನಾ ಫೋನು ಬರುತ್ತಿತ್ತು. ಗಾಡಿ ಹೊರಡುವವರೆಗೂ ಕಿಟಕಿಯ ಒಳಗಿಂದ ಊರಲ್ಲಿರುವ ಸಣ್ಣ ಮಗನಿಗೆ ಫೋನಿನಲ್ಲಿ, ನೆಲ ಆರಿದ ಮೇಲೆಯೇ ಎಡೆ ಹೊಡಿ, ಹಸಿ ಇದ್ದಾಗ ಕುಂಟಿ ಹಾಕಬ್ಯಾಡ ಎಂದು ಹೇಳುತ್ತಲೇ ಇದ್ದರು.